ರಿಕಾಲ್ ಅಪ್‌ಡೇಟ್ ಮತ್ತು ನನ್ನ ಕಾರಿನ ರಿಮ್ಯಾಪ್

ನನ್ನದು ಸ್ಕೋಡಾ ಲಾರಾ, 2.0 ಟಿಡಿಐ, ಮ್ಯಾನುಯಲ್ ಗೇರ್. ಕಂಪನಿ ಲೆಕ್ಕದಲ್ಲಿ 140 ಹಾರ್ಸ್‌ಪವರ್, 320 ನ್ಯೂಟನ್ ಮೀಟರ್ ಟಾರ್ಕ್. ವಾರಂಟಿ ಮುಗಿದ ಮೇಲೆ ಬೆಂಗಳೂರಿನಲ್ಲಿ ಒಬ್ಬ ಟ್ಯೂನರ್ ಹತ್ತಿರ ಸ್ಟೇಜ್ 1 ರಿಮ್ಯಾಪ್ ಮಾಡಿಸಿದ್ದೆ, ಅಂದರೆ ಪಾರ್ಟ್ ಬದಲಿಸದೆ ಸಾಫ್ಟ್‌ವೇರ್ ಮಾತ್ರ ತಿದ್ದಿ ಪವರ್ ಏರಿಸುವ ಟ್ಯೂನ್. ಪವರ್ 170ರ ಆಸುಪಾಸಿಗೆ ಬಂದಿತ್ತು. ಶಿರಾಡಿ ಘಾಟಿಯಲ್ಲಿ ಲಾರಿ ದಾಟುವಾಗ ಗೇರ್ ಇಳಿಸದೇ ಹೋಗಬಹುದಿತ್ತು. ನನಗೆ ಬೇಕಿದ್ದದ್ದು ಅಷ್ಟೇ. ರೇಸ್ ಓಡಿಸುವ ಆಸೆ ನನಗಿಲ್ಲ.

ಈ ಕಾರಿನ ಇಂಜಿನ್ ಇಎ189, ಸ್ಕೋಡಾ ಸೇರಿರುವ ಫೋಕ್ಸ್‌ವ್ಯಾಗನ್ ಗುಂಪಿನ ಡೀಸೆಲ್ ಇಂಜಿನ್. ಮುಂದಿನ ಕಥೆ ಗೊತ್ತೇ ಇದೆ ಅಲ್ವಾ? 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಫೋಕ್ಸ್‌ವ್ಯಾಗನ್‌ಗೆ ನೋಟಿಸ್ ಕೊಟ್ಟಿತು. ಲ್ಯಾಬ್ ಪರೀಕ್ಷೆ ನಡೆಯುತ್ತಿದೆ ಎಂದು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಗುರುತಿಸಿ, ಆಗ ಮಾತ್ರ ಹೊಗೆಯನ್ನು ಹದ್ದುಬಸ್ತಿನಲ್ಲಿ ಇಡುತ್ತಿತ್ತು. ಅದೇ ಡಿಸೆಂಬರ್‌ನಲ್ಲಿ ಭಾರತದಲ್ಲೂ 3,23,700 ಕಾರುಗಳನ್ನು ವಾಪಸ್ ಕರೆದು ಸರಿಪಡಿಸುತ್ತೇವೆ ಎಂಬ ಘೋಷಣೆ ಬಂತು. ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಮೂರೂ ಸೇರಿದ ಲೆಕ್ಕ ಅದು. ಯುರೋಪಿನಲ್ಲಿ 1.6 ಲೀಟರ್ ಇಂಜಿನ್‌ಗೆ ಒಳಗೆ ಹೋಗುವ ಗಾಳಿ ಅಳೆಯುವ ಏರ್ ಮಾಸ್ ಸೆನ್ಸರ್ ಮುಂದೆ ಜಾಲರಿ ಇರುವ ಒಂದು ಪ್ಲಾಸ್ಟಿಕ್ ತುಂಡನ್ನೂ ಹಾಕಿದರು. 2.0 ಲೀಟರ್‌ಗೆ ಪಾರ್ಟ್ ಏನೂ ಇಲ್ಲ, ಬರೀ ಸಾಫ್ಟ್‌ವೇರ್.

ಬರೀ ಸಾಫ್ಟ್‌ವೇರ್ ಎಂದರೆ ಟ್ಯೂನ್ ಇರುವವನಿಗೆ ಅದೇ ದೊಡ್ಡ ವಿಷಯ. ರಿಮ್ಯಾಪ್ ಅನ್ನೋದು ಕಾರಿಗೆ ಹಾಕಿದ ಹೊಸ ಪಾರ್ಟ್ ಅಲ್ಲ. ಇಸಿಯು ಒಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ ಬದಲಾಯಿಸಿದ ಒಂದಷ್ಟು ಅಂಕಿಗಳು. ಪೆಡಲ್ ಎಷ್ಟು ಒತ್ತಿದರೆ ಎಷ್ಟು ಟಾರ್ಕ್, ಟರ್ಬೊ ಎಷ್ಟು ಒತ್ತಡ ಕೊಡಬೇಕು, ರೈಲ್ ಪ್ರೆಶರ್ (ಇಂಜೆಕ್ಟರ್‌ಗೆ ಹೋಗುವ ಡೀಸೆಲ್‌ನ ಒತ್ತಡ) ಎಷ್ಟಿರಬೇಕು, ಒಳಗೆ ಬಂದ ಗಾಳಿಗೆ ಎಷ್ಟು ಡೀಸೆಲ್ ಮೀರಬಾರದು, ಇಂಥ ಟೇಬಲ್‌ಗಳು. ಸರ್ವಿಸ್ ಸೆಂಟರ್‌ನ ಯಂತ್ರ ಅಪ್‌ಡೇಟ್ ಹಾಕುವಾಗ ಈ ಟೇಬಲ್‌ಗಳಿರುವ ಭಾಗವನ್ನೇ ಪೂರ್ತಿ ಅಳಿಸಿ ಹೊಸದು ಬರೆಯುತ್ತದೆ. ಹಳೆಯದರಲ್ಲಿ ಟ್ಯೂನ್ ಇತ್ತಾ ಇಲ್ವಾ ಅಂತ ಅದು ಕೇಳೋದಿಲ್ಲ. ಎಷ್ಟೋ ಟ್ಯೂನರ್‌ಗಳು ಮೂಲ ಸಾಫ್ಟ್‌ವೇರ್ ನಂಬರನ್ನು ಹಾಗೇ ಬಿಟ್ಟಿರುತ್ತಾರೆ. ಯಂತ್ರ ಆ ನಂಬರ್ ನೋಡಿ, 'ಓ, ಇದು ಹಳೇ ವರ್ಷನ್' ಅಂದುಕೊಂಡು ಹೊಸದನ್ನು ತುಂಬುತ್ತದೆ.

ಟ್ಯೂನ್ ಅಳಿಸಿ ಹೋಗುತ್ತದೆ ಅನ್ನೋದು ಇದರಲ್ಲಿ ಸಣ್ಣ ವಿಷಯ. ಮತ್ತೆ ಹಾಕಿಸಬಹುದು. ಏನನ್ನು, ಯಾವುದರ ಮೇಲೆ ಹಾಕಿಸುತ್ತೀರಿ ಅನ್ನೋದು ಮುಖ್ಯ.

ರಿಕಾಲ್ ಅಪ್‌ಡೇಟ್‌ಗೆ ಸರ್ವಿಸ್ ಸೆಂಟರ್‌ನಲ್ಲಿ ಕಾರ್ ಬಿಡುವ ಮೊದಲು ಟ್ಯೂನರ್ ಹತ್ತಿರ ಹೋದೆ. ಕಾರಿನ ತಪಾಸಣೆಗೆ ಇರುವ ಓಬಿಡಿ ಪೋರ್ಟ್‌ಗೆ ಕೇಬಲ್ ಹಾಕಿ ಇಸಿಯುನ ಪಾರ್ಟ್ ನಂಬರ್ ಮತ್ತು ಸಾಫ್ಟ್‌ವೇರ್ ವರ್ಷನ್ ಬರೆದುಕೊಂಡೆ. ರಿಮ್ಯಾಪ್‌ಗೆ ಮುಂಚೆ ತೆಗೆದಿಟ್ಟಿದ್ದ ಸ್ಟಾಕ್ ಫೈಲ್ (ಕಂಪನಿಯ ಮೂಲ ಸಾಫ್ಟ್‌ವೇರ್) ಇನ್ನೂ ಅವನ ಹತ್ತಿರ ಇದೆಯಾ ಅಂತ ಕೇಳಿದೆ. ಇತ್ತು. ಅದರ ಒಂದು ಕಾಪಿ, ಟ್ಯೂನ್ ಮಾಡಿದ ಫೈಲ್‌ನ ಒಂದು ಕಾಪಿ ನನ್ನ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡೆ. ಕಾರಿಗೆ ಸ್ಟಾಕ್ ಫೈಲನ್ನು ವಾಪಸ್ ಬರೆಸಿದೆ. ಯಂತ್ರ ಮಾಮೂಲಿ ಫೈಲ್ ಮೇಲೆ ಕೆಲಸ ಮಾಡಲಿ ಅಂತ. ಚೆಕ್‌ಸಮ್ (ಫೈಲ್ ಕೆಟ್ಟಿಲ್ಲ ಅಂತ ಖಚಿತಪಡಿಸುವ ಅಂಕಿ) ಸರಿಯಿಲ್ಲದ ಫೈಲ್ ಇದ್ದು ಫ್ಲ್ಯಾಶ್ ಅರ್ಧಕ್ಕೆ ನಿಂತರೆ ಕಾರು ಸ್ಟಾರ್ಟೇ ಆಗೋದಿಲ್ಲ. ಆಮೇಲೆ ಇಸಿಯು ಬಿಚ್ಚಿ ಟೇಬಲ್ ಮೇಲಿಟ್ಟು ಬರೆಯಬೇಕು.

ಸ್ಟಾಕ್‌ಗೆ ಬಂದರೆ ಯಾರಿಗೂ ಗೊತ್ತಾಗೋದಿಲ್ಲ ಅಂತ ಕೆಲವರು ಹೇಳುತ್ತಾರೆ. ನನಗೆ ಆ ಆಟ ಇಷ್ಟವಿಲ್ಲ, ಅದು ನಂಬುವ ಮಾತೂ ಅಲ್ಲ. ಎಷ್ಟು ಸಲ ಫ್ಲ್ಯಾಶ್ ಆಗಿದೆ ಅನ್ನೋ ಲೆಕ್ಕ ಎಷ್ಟೋ ಇಸಿಯುಗಳ ಒಳಗೇ ಇರುತ್ತದೆ. ಈ ಗುಂಪಿನ ಕಾರುಗಳಲ್ಲಿ ಟ್ಯೂನ್ ಪತ್ತೆಯಾದರೆ ಕಂಪನಿ ದಾಖಲೆಯಲ್ಲಿ ಟಿಡಿ1 ಎಂಬ ಗುರುತು ಬೀಳಬಹುದು. ಹಾಗೆ ಬಿದ್ದರೆ ಇಂಜಿನ್, ಗೇರ್‌ಬಾಕ್ಸ್ ವಾರಂಟಿ ಕ್ಲೇಮ್ ಕಷ್ಟ. ವಾರಂಟಿ ಇರುವ ಕಾರಿನವರು ಇದನ್ನು ರಿಮ್ಯಾಪ್‌ಗೆ ಮೊದಲೇ ಯೋಚಿಸಬೇಕು. ರಿಕಾಲ್ ಪತ್ರ ಬಂದ ಮೇಲೆ ಯೋಚಿಸಿದರೆ ತಡ. ನಾನಂತೂ ಸರ್ವಿಸ್ ಅಡ್ವೈಸರ್‌ಗೆ ನೇರ ಹೇಳಿದೆ: 'ಸರ್, ಈ ಕಾರು ರಿಮ್ಯಾಪ್ ಆಗಿತ್ತು. ಈಗ ಸ್ಟಾಕ್‌ನಲ್ಲಿದೆ. ಅಪ್‌ಡೇಟ್ ಹಾಕುವಾಗ ಬ್ಯಾಟರಿಗೆ ಚಾರ್ಜರ್ ಹಾಕಿರಿ.' ಅವರು ನಕ್ಕು ಜಾಬ್ ಕಾರ್ಡ್‌ನಲ್ಲಿ ಬರೆದರು. ಬ್ಯಾಟರಿ ಮಾತು ಸುಮ್ನೆ ಹೇಳಿದ್ದಲ್ಲ. ಫ್ಲ್ಯಾಶ್ ಆಗುವಾಗ ಇಗ್ನಿಶನ್ ಆನ್ ಇರುತ್ತದೆ, ಇಂಜಿನ್ ಆಫ್. ಫ್ಯಾನ್ ಕೂಡ ತಿರುಗಬಹುದು. ಹಳೇ ಬ್ಯಾಟರಿಯ ವೋಲ್ಟೇಜ್ ಮಧ್ಯದಲ್ಲಿ ಬಿದ್ದರೆ ಬರೆಯುವುದು ನಿಂತುಹೋಗುತ್ತದೆ.

ಕಾರು ಅವತ್ತು ಸಂಜೆಯೇ ವಾಪಸ್ ಬಂತು. ಸಾಫ್ಟ್‌ವೇರ್ ವರ್ಷನ್ ಬೇರೆ ತೋರಿಸಿತು.

ತಕ್ಷಣ ಟ್ಯೂನ್ ಹಾಕಿಸಬೇಡಿ ಅಂತ ನಾನು ಎಲ್ಲರಿಗೂ ಹೇಳೋದು. ಕೆಲವು ವಾರ ಕಂಪನಿ ಸಾಫ್ಟ್‌ವೇರ್‌ನಲ್ಲೇ ಓಡಿಸಿ. ಇಲ್ಲದಿದ್ದರೆ ಮುಂದೆ ಏನಾದರೂ ಬೇರೆ ಅನ್ನಿಸಿದರೆ ಅದು ಅಪ್‌ಡೇಟ್‌ನದ್ದೋ ಟ್ಯೂನ್‌ನದ್ದೋ ಗೊತ್ತಾಗೋದೇ ಇಲ್ಲ. ನಾನು ಲ್ಯಾಪ್‌ಟಾಪ್ ಹಚ್ಚಿ ಲಾಗ್ ತೆಗೆದೆ. ಓಡಿಸುವವನು ಸ್ಕ್ರೀನ್ ನೋಡುವ ಹಾಗಿಲ್ಲ, ಹಾಗಾಗಿ ಪಕ್ಕದ ಸೀಟಿನಲ್ಲಿ ತಮ್ಮನನ್ನು ಕೂರಿಸಿದ್ದೆ. ಇಸಿಯು ಕೇಳಿದ ಬೂಸ್ಟ್ (ಟರ್ಬೊ ಒತ್ತಡ) ಎಷ್ಟು, ಸಿಕ್ಕಿದ್ದು ಎಷ್ಟು. ರೈಲ್ ಪ್ರೆಶರ್ ಹಾಗೇ. ಅದರ ಜೊತೆ ಗಾಳಿಯ ಲೆಕ್ಕ.

ಆ ಗಾಳಿಯ ಲೆಕ್ಕದಲ್ಲೇ ವ್ಯತ್ಯಾಸ ಸಿಕ್ಕಿದ್ದು. ಪೂರ್ತಿ ಪೆಡಲ್ ಒತ್ತಿದಾಗ ಹಳೆಯದಕ್ಕೂ ಹೊಸದಕ್ಕೂ ಹೇಳಿಕೊಳ್ಳುವ ಫರಕು ಕಾಣಲಿಲ್ಲ. ಅರ್ಧ ಪೆಡಲ್‌ನಲ್ಲಿ, ಊರೊಳಗೆ ಓಡಿಸುವ ವೇಗದಲ್ಲಿ, ಒಳಗೆ ಬರುವ ಹೊಸ ಗಾಳಿ ಮೊದಲಿಗಿಂತ ಕಡಿಮೆ. ಕಾರಣ ಇಜಿಆರ್. ಅಂದರೆ ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್‌ಗೆ ಕಳಿಸುವ ವ್ಯವಸ್ಥೆ. ಇದರಿಂದ ಸಿಲಿಂಡರ್ ಒಳಗಿನ ಬಿಸಿ ತಗ್ಗುತ್ತದೆ, ನೈಟ್ರೋಜನ್ ಆಕ್ಸೈಡ್‌ಗಳು ಕಡಿಮೆ ಆಗುತ್ತವೆ. ಬದಲಿಗೆ ಮಸಿ ಸ್ವಲ್ಪ ಜಾಸ್ತಿ. ಹಳೇ ಸಾಫ್ಟ್‌ವೇರ್ ಲ್ಯಾಬ್‌ನಲ್ಲಿ ಮಾತ್ರ ಇಜಿಆರ್ ಅನ್ನು ಚೆನ್ನಾಗಿ ದುಡಿಸುತ್ತಿತ್ತು, ರಸ್ತೆಯಲ್ಲಿ ಕೈ ಬಿಡುತ್ತಿತ್ತು. 2015ರ ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ನಡೆದ ಕೇಯಾಸ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಫೆಲಿಕ್ಸ್ ಡೊಮ್ಕೆ ಎಂಬಾತ ತನ್ನದೇ ಫೋಕ್ಸ್‌ವ್ಯಾಗನ್ ಶರಾನ್‌ನ ಇಸಿಯು ಬಿಡಿಸಿ ಇದನ್ನು ತೋರಿಸಿದ್ದರು. ಪರೀಕ್ಷೆಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ದೂರ ಓಡಬೇಕೋ ಆ ಗೆರೆಯೇ ಸಾಫ್ಟ್‌ವೇರ್ ಒಳಗೆ ಕೂತಿತ್ತು. ರಿಕಾಲ್ ಅಪ್‌ಡೇಟ್ ಸರಿಪಡಿಸಿದ್ದು ಇದನ್ನೇ.

ಈಗ ಹಳೇ ಟ್ಯೂನ್ ಫೈಲನ್ನು ಹಾಗೇ ವಾಪಸ್ ಬರೆಸಿದರೆ ಏನಾಗುತ್ತದೆ? ಅದು ಪೂರ್ತಿ ಫೈಲ್. ಅದರೊಳಗೆ ಹಳೇ ಪ್ರೋಗ್ರಾಂ ಕೂಡ ಇದೆ. ರಿಕಾಲ್ ಮಾಡಿಸಿಯೂ ಮಾಡಿಸದ ಹಾಗೆ. ಜನ ಗಮನಿಸದೇ ಇರೋದು ಇದನ್ನೇ. ಟ್ಯೂನರ್ ಅಂಗಡಿಗೆ ಹೋಗಿ 'ಮೊದಲಿದ್ದದ್ದೇ ಹಾಕಿ' ಅನ್ನುತ್ತಾರೆ, ಹತ್ತಿಪ್ಪತ್ತು ನಿಮಿಷದಲ್ಲಿ ಖುಷಿಯಾಗಿ ವಾಪಸ್ ಬರುತ್ತಾರೆ. ಪಿಕಪ್ ಬಂತು, ಅಪ್‌ಡೇಟ್ ಹೋಯಿತು. ಮುಂದಿನ ಸರ್ವಿಸ್‌ನಲ್ಲಿ ಯಂತ್ರ ಹಳೇ ನಂಬರ್ ನೋಡಿ ಮತ್ತೆ ಅಪ್‌ಡೇಟ್ ಕೇಳುತ್ತದೆ.

ಇನ್ನು ಕೆಲವರು ಹಳೇ ಟ್ಯೂನ್‌ನ ಅಂಕಿಗಳನ್ನು ಮಾತ್ರ ಎತ್ತಿ ಹೊಸ ಸಾಫ್ಟ್‌ವೇರ್‌ಗೆ ಅಂಟಿಸುತ್ತಾರೆ. ಒಂದು ಸೈಟಿಗೆ ಮಾಡಿಸಿದ ಪ್ಲಾನ್ ಹಿಡಿದು ಬೇರೆ ಅಳತೆಯ ಸೈಟ್‌ನಲ್ಲಿ ಮನೆ ಕಟ್ಟಿದ ಹಾಗೆ ಅದು. ವರ್ಷನ್ ಬದಲಾದರೆ ಟೇಬಲ್‌ಗಳು ಇರುವ ವಿಳಾಸ ಬದಲಾಗಬಹುದು. ವಿಳಾಸ ಸರಿಯಾದರೂ ಲೆಕ್ಕ ಹೊಂದುವುದಿಲ್ಲ. ಇಜಿಆರ್ ಜಾಸ್ತಿ ಇದ್ದು ಹೊಸ ಗಾಳಿ ಕಡಿಮೆ ಇರುವ ಕಡೆ ಹಳೇ ಅಂದಾಜಿನ ಡೀಸೆಲ್ ಸುರಿದರೆ ಮಸಿಯೇ ಬರುವುದು. ಆ ಮಸಿ ಹೋಗಿ ಕೂರುವುದು ಇಜಿಆರ್ ವಾಲ್ವ್, ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ. ಆಮೇಲೆ ಬೈಗುಳ ಎಲ್ಲಾ ಅಪ್‌ಡೇಟ್‌ಗೆ.

ನಾನು ಮಾಡಿಸಿದ್ದು ಹೀಗೆ. ಹೊಸ ಸಾಫ್ಟ್‌ವೇರನ್ನು ಕಾರಿನಿಂದಲೇ ಓದಿಸಿ, ಅದನ್ನೇ ಬೇಸ್ ಆಗಿಟ್ಟುಕೊಂಡು ಹೊಸ ಟ್ಯೂನ್ ಬರೆಸಿದೆ. ಇಜಿಆರ್ ಟೇಬಲ್‌ಗಳನ್ನು ಮುಟ್ಟಬೇಡ ಅಂದೆ. ಟ್ಯೂನರ್‌ಗೆ ಅದು ಅಷ್ಟು ಹಿಡಿಸಲಿಲ್ಲ. 'ಅಣ್ಣ, ಇಜಿಆರ್ ಆಫ್ ಮಾಡಿಬಿಡ್ತೀನಿ, ಇಂಜಿನ್ ಕ್ಲೀನ್ ಇರುತ್ತೆ' ಅಂದ. ಇಂಜಿನ್ ಕ್ಲೀನ್ ಇರಬಹುದು, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹಿಂದೆ ನಿಂತಿರುವ ಬೈಕಿನವನ ಮೂಗು? ಬೇಡ ಅಂದೆ. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಒಮ್ಮೆಲೇ ಏರದ ಹಾಗೆ ಮಾಡಿಸಿದೆ. ಹಳೇ ಟ್ಯೂನ್‌ನಲ್ಲಿ 2000 ಆರ್‌ಪಿಎಂ ಹತ್ತಿರ ಒಂದು ಒದೆತ ಇತ್ತು. ಆ ಒದೆತ ಮಜಾ ಕೊಡುತ್ತದೆ, ಕ್ಲಚ್ ಮತ್ತು ಇಂಜಿನ್ ಅದುರುವಿಕೆ ತಗ್ಗಿಸುವ ಡ್ಯುಯಲ್ ಮಾಸ್ ಫ್ಲೈವೀಲ್‌ಗೆ ಮಾತ್ರ ಒಳ್ಳೆಯದಲ್ಲ. ಹೊಸದರಲ್ಲಿ ಅದಿಲ್ಲ. ಮೇಲಿನ ಪವರ್ ಹೆಚ್ಚೂಕಡಿಮೆ ಅಷ್ಟೇ ಇದೆ. ಘಾಟಿಯಲ್ಲಿ ಮೂರನೇ ಗೇರ್ ಈಗಲೂ ಸಾಕಾಗುತ್ತದೆ.

ದುಡ್ಡಿನ ಮಾತು: ಬೇಸ್ ಫೈಲ್ ಬದಲಾದರೆ ಟ್ಯೂನರ್ ಮತ್ತೆ ಕೆಲಸ ಮಾಡಬೇಕು, ಅದಕ್ಕೆ ಚಾರ್ಜ್ ಕೇಳುವುದು ನ್ಯಾಯವೇ. ಕೆಲವರು ಉಚಿತವಾಗಿ ಮಾಡಿಕೊಡುತ್ತಾರೆ. ಆದರೆ ಹಳೇ ಫೈಲನ್ನೇ ಮತ್ತೆ ತುಂಬಿ 'ಫ್ರೀ' ಅಂದರೆ ಅದು ಫ್ರೀ ಅಲ್ಲ. ಬರೆಸಿದ ಮೇಲೆ ಸಾಫ್ಟ್‌ವೇರ್ ವರ್ಷನ್ ತೋರಿಸಲು ಹೇಳಿ. ಫೈಲ್ ಹೊಸದಾ ಹಳೇದಾ ಅಲ್ಲೇ ಗೊತ್ತಾಗುತ್ತೆ.

ನನ್ನ ಗೆಳೆಯನ ಕಾರಿನಲ್ಲಿ ಟ್ಯೂನಿಂಗ್ ಬಾಕ್ಸ್ ಇದೆ. ಅದು ಸೆನ್ಸರ್ ವೈರ್ ಮಧ್ಯೆ ಕೂತು ಇಸಿಯುಗೆ ಕಡಿಮೆ ಪ್ರೆಶರ್ ತೋರಿಸುತ್ತದೆ, ಇಸಿಯು ಜಾಸ್ತಿ ಕೊಡುತ್ತದೆ. ಅಪ್‌ಡೇಟ್ ಹಾಕಿದರೂ ಬಾಕ್ಸ್ ಎಲ್ಲೂ ಹೋಗೋದಿಲ್ಲ. ಅದಕ್ಕೇ ಅವನು ಆರಾಮಾಗಿದ್ದ. ಆದರೆ ಕೆಳಗಿನ ಸಾಫ್ಟ್‌ವೇರ್ ಬದಲಾದರೆ ಬಾಕ್ಸ್‌ನ ಸೆಟ್ಟಿಂಗನ್ನೂ ಮತ್ತೆ ನೋಡಬೇಕು. ಸರ್ವಿಸ್‌ಗೆ ಬಿಡುವ ಮುಂಚೆ ಬಿಚ್ಚಿಡಬೇಕು.

ನಮ್ಮಲ್ಲಿ ಈ ರಿಕಾಲ್ ಕಂಪನಿ ತಾನಾಗಿ ಮಾಡಿದ್ದು. ಜರ್ಮನಿಯಲ್ಲಿ ಅದು ಸರ್ಕಾರದ ಆದೇಶ, ಅಪ್‌ಡೇಟ್ ಹಾಕಿಸದ ಕೆಲವು ಕಾರುಗಳ ನೋಂದಣಿಯನ್ನೇ ರದ್ದು ಮಾಡಿದರು. 2019ರ ತಿದ್ದುಪಡಿ ನಮ್ಮ ಮೋಟಾರು ವಾಹನ ಕಾಯ್ದೆಗೆ 110ಎ ಸೆಕ್ಷನ್ ಸೇರಿಸಿತು. ಈಗ ಸರ್ಕಾರವೂ ರಿಕಾಲ್‌ಗೆ ಆದೇಶ ಕೊಡಬಹುದು, 2021ರ ಏಪ್ರಿಲ್‌ನಿಂದ ಅದರ ನಿಯಮ ಜಾರಿಯಲ್ಲಿದೆ. ಸೆಕ್ಷನ್ 52 ಮೊದಲಿನಿಂದಲೂ ಇದೆ, ಗಾಡಿಯನ್ನು ಮಾರ್ಪಾಡು ಮಾಡುವವರು ಒಮ್ಮೆ ಓದಿಕೊಳ್ಳಬೇಕಾದದ್ದು. ಇನ್ಶೂರೆನ್ಸ್‌ನವರಿಗೂ ಟ್ಯೂನ್ ವಿಷಯ ಹೇಳಿಡಿ.

ಈಗ ನನ್ನ ಪೆನ್‌ಡ್ರೈವ್‌ನಲ್ಲಿ ನಾಲ್ಕು ಫೈಲ್ ಇವೆ: ಹಳೇ ಸ್ಟಾಕ್, ಹಳೇ ಟ್ಯೂನ್, ಹೊಸ ಸ್ಟಾಕ್, ಹೊಸ ಟ್ಯೂನ್. ಪ್ರತಿಯೊಂದರ ಹೆಸರಿನಲ್ಲೂ ವರ್ಷನ್ ನಂಬರ್ ಮತ್ತು ತಾರೀಖು ಇದೆ. ಪ್ರತಿ ಸರ್ವಿಸ್‌ನಲ್ಲೂ ಜಾಬ್ ಕಾರ್ಡ್ ಮೇಲೆ 'ಕೇಳದೆ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಬೇಡಿ, ಮೊದಲು ಫೋನ್ ಮಾಡಿ' ಅಂತ ಬರೆಸುತ್ತೇನೆ. ಫೋನ್ ಬಂದರೆ ಅಪ್‌ಡೇಟ್ ಯಾವುದಕ್ಕೆ, ಹೊಸ ನಂಬರ್ ಏನು ಅಂತ ಕೇಳಿ, ಹಾಕಿ ಅನ್ನುತ್ತೇನೆ. ಆ ನಂಬರನ್ನು ಟ್ಯೂನರ್‌ಗೆ ಅವತ್ತೇ ವಾಟ್ಸಾಪ್ ಮಾಡುತ್ತೇನೆ.