ಮಾತ್ರೆಯಿಂದ ದಪ್ಪ ಆದಿರಾ? ನಿಲ್ಲಿಸುವ ಮುಂಚೆ ಇದನ್ನು ಓದಿ

ತುಮಕೂರಲ್ಲಿ ಮೆಡಿಕಲ್ ಸ್ಟೋರ್ ಕೌಂಟರಿನ ಒಳಗೆ ನಿಲ್ಲುವ ನನಗೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ‘ಅಣ್ಣಾ, ಆ ಟೆನ್ಶನ್ ಮಾತ್ರೆ ನಿಲ್ಲಿಸಿಬಿಟ್ಟೆ. ಬ್ಲೌಸ್ ಒಂದೂ ಹಿಡಿಸ್ತಿಲ್ಲ.’ ಸ್ವಲ್ಪ ದಿನ ಹೋದ ಮೇಲೆ ಅವರೇ ತಲೆಸುತ್ತು, ನಿದ್ದೆ ಇಲ್ಲ, ಸುಮ್ಸುಮ್ನೆ ಅಳು ಅಂತ ಬರುತ್ತಾರೆ. ಟೆನ್ಶನ್ ಮಾತ್ರೆ ಅಂತ ಅವರು ಹೇಳುವುದು ಖಿನ್ನತೆಗೆ ಡಾಕ್ಟರು ಬರೆದ ಮಾತ್ರೆಯನ್ನು. ಅದರಿಂದ ಏರಿದ ತೂಕವನ್ನು ಖಂಡಿತ ಹಿಡಿತಕ್ಕೆ ತರಬಹುದು, ಆದರೆ ಥಟ್ಟನೆ ನಿಲ್ಲಿಸುವ ದಾರಿಯಲ್ಲಲ್ಲ.

ಮೊದಲು ಚೀಟಿ ನೋಡಿ. ಖಿನ್ನತೆಯ ಮಾತ್ರೆಗಳೆಲ್ಲ ಒಂದೇ ಥರ ಅಲ್ಲ. ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್, ಪ್ಯಾರಾಕ್ಸೆಟಿನ್ ತೂಕ ಏರಿಸುವುದು ಜಾಸ್ತಿ. ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್ ಅಷ್ಟಿಲ್ಲ. ರಾತ್ರಿಗೆ ಅಂತ ಜೊತೆಗೆ ಬರೆದ ಒಲಾಂಜಪಿನ್ ಇದ್ದರೆ ಅದನ್ನೇ ಮೊದಲು ಅನುಮಾನಿಸಿ. ಬೈಸಿಕೊಳ್ಳುವುದು ಬೇರೆ ಮಾತ್ರೆ, ಹಸಿವು ಕೆರಳಿಸುವುದು ಇದು. ಇನ್ನೊಂದು ವಿಷಯ. ಖಿನ್ನತೆಯಲ್ಲಿ ಊಟ ಬಿಟ್ಟು ಸೊರಗಿದ್ದವರಿಗೆ ಹಸಿವು ವಾಪಸ್ ಬಂದು ಎರಡು ಮೂರು ಕೆಜಿ ಕೂಡಿದರೆ ಅದು ಚೇತರಿಕೆ ಅಷ್ಟೆ. ಥೈರಾಯ್ಡ್ ಕಡಿಮೆಯಾದರೂ ಮೈ ಬರುತ್ತದೆ, ಮನಸ್ಸೂ ಕುಗ್ಗುತ್ತದೆ. ಟಿಎಸ್‌ಎಚ್ ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ.

ತೂಕ ಬರೆದಿಡಿ. ವಾರಕ್ಕೊಮ್ಮೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಅದೇ ತಕ್ಕಡಿ. ದಿನಾ ಹತ್ತಿ ಇಳಿಯಬೇಡಿ, ತಲೆ ಕೆಡುತ್ತದೆ. 60 ಕೆಜಿ ಇದ್ದವರು 63 ಆದರೆ ಡಾಕ್ಟರಿಗೆ ಹೇಳುವ ಹೊತ್ತಾಯಿತು. ಹತ್ತು ಕೆಜಿ ಏರುವ ತನಕ ಕಾಯಬೇಡಿ.

ಊಟ. ಮುದ್ದೆ ತಿಂದರೆ ದಪ್ಪ ಆಗಲ್ಲ ಅನ್ನುವುದು ಅರ್ಧ ಸತ್ಯ. ರಾಗಿಯೂ ಹಿಟ್ಟೇ ಅಲ್ವಾ? ಮುದ್ದೆ ಒಂದಕ್ಕೆ ನಿಲ್ಲಿಸಿ, ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ ಎರಡು ಪಟ್ಟು ಬಡಿಸಿಕೊಳ್ಳಿ. ಮಲಬದ್ಧತೆಗೂ ಅದೇ ಮದ್ದು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಡಿ ಅಂತ ನಾನು ಹೇಳಲ್ಲ, ಮೇಲಿನ ಬೆಣ್ಣೆ ಬಿಡಿ. ಬಾಯಿ ಒಣಗುತ್ತದೆ ಅಂತ ದಿನವಿಡೀ ಜ್ಯೂಸು, ಸಿಹಿ ಕಾಫಿ ಕುಡಿಯುವವರಿಗೆ ತೂಕ ಬರುವುದು ಅಲ್ಲಿಂದಲೇ. ನೀರು ಕುಡಿಯಿರಿ, ಇಲ್ಲ ಉಪ್ಪು ಕಡಿಮೆ ಹಾಕಿದ ನೀರು ಮಜ್ಜಿಗೆ. ಅಮಾನಿಕೆರೆ ದಂಡೆಯಲ್ಲಿ ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ನಡೆದು ಬಂದು ಬಜ್ಜಿ ಗಾಡಿ ಮುಂದೆ ನಿಲ್ಲಬೇಡಿ.

ತೂಕ ಇಳಿಸುವ ಪುಡಿ, ಹೆಸರೇ ಇಲ್ಲದ ಕ್ಯಾಪ್ಸೂಲು ಮುಟ್ಟಲೇಬೇಡಿ. 2011ರಲ್ಲಿ ನಮ್ಮ ದೇಶದಲ್ಲಿ ನಿಷೇಧವಾದ ಸಿಬುಟ್ರಮಿನ್ ಅನ್ನುವ ಹಸಿವು ಕುಗ್ಗಿಸುವ ಔಷಧಿಯನ್ನು ಇಂಥವಕ್ಕೆ ಕದ್ದು ಬೆರೆಸಿದ್ದು ಎಷ್ಟೋ ಕಡೆ ಸಿಕ್ಕಿಬಿದ್ದಿದೆ. ಖಿನ್ನತೆಯ ಮಾತ್ರೆಯ ಜೊತೆ ಅದು ಸೇರಿದರೆ ಪ್ರಾಣಕ್ಕೇ ಕುತ್ತು.

ಮಾತ್ರೆ ಬದಲಿಸುವುದು, ಬಿಡುವುದು. ಎಲ್ಲರೂ ಎಡವುವುದು ಇಲ್ಲೇ. ಥಟ್ಟನೆ ನಿಲ್ಲಿಸಿದರೆ ಎರಡು ನಾಲ್ಕು ದಿನದಲ್ಲಿ ತಲೆಸುತ್ತು, ವಾಕರಿಕೆ, ಸಿಡಿಮಿಡಿ, ವಿಚಿತ್ರ ಕನಸು, ತಲೆಯೊಳಗೆ ಚುರ್ರನೆ ಕರೆಂಟ್ ಹೊಡೆದ ಹಾಗೆ ಅನ್ನಿಸುವುದು ಶುರುವಾಗಬಹುದು. ಪ್ಯಾರಾಕ್ಸೆಟಿನ್, ವೆನ್ಲಾಫಾಕ್ಸಿನ್‌ನಲ್ಲಿ ಈ ಕಾಟ ಜಾಸ್ತಿ. ಫ್ಲೂಆಕ್ಸೆಟಿನ್ ಮೈಯಿಂದ ನಿಧಾನಕ್ಕೆ ಹೋಗುವುದರಿಂದ ಅದರಲ್ಲಿ ಕಡಿಮೆ. ಇದನ್ನು ಕಂಡು ‘ಕಾಯಿಲೆ ಉಲ್ಬಣಿಸಿತು’ ಅಂತ ಕೆಲವರು ಹೆದರುತ್ತಾರೆ, ‘ಚಟ ಹತ್ತಿಸಿಬಿಟ್ಟರು’ ಅಂತ ಕೆಲವರು ಡಾಕ್ಟರನ್ನು ಬೈಯುತ್ತಾರೆ. ಎರಡೂ ಸರಿಯಲ್ಲ.

ದಿನ ಬಿಟ್ಟು ದಿನ ತಗೊಳ್ಳುವುದು ಇನ್ನೊಂದು ಮನೆಮದ್ದು. ಅದನ್ನೂ ಮಾಡಬೇಡಿ. ಮೈಯಲ್ಲಿ ಮದ್ದಿನ ಮಟ್ಟ ಒಂದು ದಿನ ಏರಿ ಇನ್ನೊಂದು ದಿನ ಬೀಳುತ್ತದೆ. ಪ್ರತಿದಿನ ತಗೊಳ್ಳುತ್ತಲೇ ಪ್ರಮಾಣ ಇಳಿಸಬೇಕು, ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಎಷ್ಟೆಷ್ಟು ಅಂತ ಡಾಕ್ಟರೇ ಬರೆದುಕೊಡಬೇಕು. ಡೆಸ್ವೆನ್ಲಾಫಾಕ್ಸಿನ್‌ನಂಥ ನಿಧಾನಕ್ಕೆ ಕರಗುವ ಮಾತ್ರೆಗಳನ್ನು ಮುರಿಯಬಾರದು, ಪುಡಿ ಮಾಡಬಾರದು. ಎಸ್ಸಿಟಾಲೋಪ್ರಾಮ್ ಜೊತೆ ಕ್ಲೊನಾಜೆಪಾಮ್ ಸೇರಿಸಿದ ಮಾತ್ರೆ ನಮ್ಮಲ್ಲಿ ತುಂಬಾ ಓಡುತ್ತದೆ. ಅದನ್ನು ನಿಲ್ಲಿಸಿದರೆ ಎರಡು ಔಷಧಿ ಒಟ್ಟಿಗೆ ನಿಂತ ಹಾಗೆ. ಕ್ಲೊನಾಜೆಪಾಮ್ ಬಹಳ ದಿನ ತಗೊಂಡವರಿಗೆ ಥಟ್ಟನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು.

ಹಾಗಾದರೆ ಡಾಕ್ಟರ ಹತ್ತಿರ ಏನು ಹೇಳಬೇಕು? ಒಪಿಡಿಯಲ್ಲಿ ಸಿಗುವುದು ಐದೇ ನಿಮಿಷ. ಒಂದು ಹಾಳೆಯಲ್ಲಿ ಮಾತ್ರೆಯ ಹೆಸರು, ಎಷ್ಟು ಎಂಜಿ, ಶುರುವಾದ ದಿನದ ತೂಕ, ಈಗಿನ ತೂಕ, ಹಸಿವು ಯಾವ ಹೊತ್ತಿನಲ್ಲಿ ಜಾಸ್ತಿ, ಇಷ್ಟು ಬರೆದುಕೊಂಡು ಹೋಗಿ. ‘ಈ ಮಾತ್ರೆ ನನಗೆ ಆಗಲ್ಲ’ ಅಂದರೆ ಅವರಿಗೇನೂ ತಿಳಿಯದು. ‘ಮನಸ್ಸು ಸುಧಾರಿಸಿದೆ, ಆದರೆ ಮೂರು ತಿಂಗಳಲ್ಲಿ ನಾಲ್ಕು ಕೆಜಿ ಏರಿದೆ, ಬದಲಿ ಇದೆಯಾ?’ ಅಂತ ಕೇಳಿ. ಬದಲಿ ಇರುತ್ತದೆ. ಬುಪ್ರೋಪಿಯಾನ್‌ನಂಥದ್ದು ಸಾಮಾನ್ಯವಾಗಿ ತೂಕ ಏರಿಸುವುದಿಲ್ಲ. ಆದರೆ ಫಿಟ್ಸ್ ಬಂದವರಿಗೆ ಅದು ಬೇಡ. ಇನ್ನೊಂದು, ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮಾತ್ರೆ ಮುಂದುವರಿಸುತ್ತಾರೆ. ಲೆಕ್ಕ ಶುರುವಾಗುವುದು ಚೇತರಿಸಿಕೊಂಡ ದಿನದಿಂದ, ಮೊದಲ ಮಾತ್ರೆ ನುಂಗಿದ ದಿನದಿಂದ ಅಲ್ಲ.

ಉಳಿದ ಕಿರಿಕಿರಿಗಳು. ಮೊದಲ ಒಂದೆರಡು ವಾರ ವಾಕರಿಕೆ ಇದ್ದರೆ ತಿಂಡಿ ಆದ ಮೇಲೆ ತಗೊಳ್ಳಿ, ಸಾಮಾನ್ಯವಾಗಿ ತಾನೇ ಹೋಗುತ್ತದೆ. ಬೆಳಗಿನ ಟ್ರೈನಲ್ಲಿ ಬೆಂಗಳೂರಿಗೆ ಹೋಗುವವರು ತೂಕಡಿಸಿ ಯಶವಂತಪುರ ದಾಟಿಸಿಕೊಳ್ಳುವ ಬದಲು ಮಾತ್ರೆಯನ್ನು ರಾತ್ರಿಗೆ ಹಾಕಬಹುದಾ ಅಂತ ಕೇಳಿ. ನಿದ್ದೆ ಕೆಡುತ್ತಿದ್ದರೆ ಬೆಳಗ್ಗೆಗೆ. ಗಂಡ ಹೆಂಡತಿ ನಡುವಿನ ಆಸಕ್ತಿ ಕುಗ್ಗುವುದನ್ನು ಯಾರೂ ಬಾಯಿ ಬಿಡುವುದಿಲ್ಲ. ಡಾಕ್ಟರಿಗೆ ಇದು ದಿನದ ಮಾತು, ಸಂಕೋಚ ಬೇಡ.

25ರ ಒಳಗಿನ ಹುಡುಗ ಹುಡುಗಿಯರಿಗೆ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಿದರೆ ಮನೆಯವರು ಅವರನ್ನು ಒಬ್ಬರೇ ಬಿಡಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಧ್ಯರಾತ್ರಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವಯಸ್ಸಾದವರಿಗೆ ಗೊಂದಲ, ವಿಪರೀತ ಸುಸ್ತು ಕಂಡರೆ ರಕ್ತದಲ್ಲಿ ಸೋಡಿಯಂ ಇಳಿದಿದೆಯಾ ಅಂತ ನೋಡಿಸಿ.

ಹಾಗೇ, ಮಂಡಿ ನೋವಿಗೆ ಅಂತ ಡೈಕ್ಲೊಫೆನಾಕ್ ಕೇಳುವ ಮುಂಚೆ ಖಿನ್ನತೆಯ ಮಾತ್ರೆ ನಡೀತಿದೆ ಅಂತ ಅಂಗಡಿಯವರಿಗೆ ಹೇಳಿ. ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಹೆಚ್ಚು. ನೋವಿಗೇ ಕೊಡುವ ಟ್ರಮಡಾಲ್ ಅಂತೂ ಡಾಕ್ಟರನ್ನು ಕೇಳದೆ ಬೇಡವೇ ಬೇಡ.