ಹುಬ್ಬಿ ನಕ್ಷತ್ರದ ಮಗ್ಗುಲಲ್ಲಿ ಏಳು ಗ್ಯಾಲಕ್ಸಿ

ಸಿಂಹ ರಾಶಿಯಲ್ಲಿ ಒಂದೇ ಕಡೆ ಒತ್ತಾಗಿ ಕಾಣುವ, ಕೋಪ್‌ಲ್ಯಾಂಡ್ ಹೆಸರಿನ ಗುಂಪಿನ ಏಳೂ ಗ್ಯಾಲಕ್ಸಿಗಳು ನನ್ನ ಫೋಟೋದಲ್ಲಿ ಬೇರೆಬೇರೆಯಾಗಿ ಬಂದಿವೆ. ಎಂಟು ಇಂಚಿನ ನ್ಯೂಟೋನಿಯನ್ ದೂರದರ್ಶಕ, ಆಕಾಶದ ಜೊತೆ ಅದನ್ನು ತಿರುಗಿಸುವ ಹಳೇ ಇಕ್ಯೂ5 ಮೌಂಟ್, ಸೆಕೆಂಡ್ ಹ್ಯಾಂಡ್ ಕ್ಯಾನನ್ 1300ಡಿ ಕ್ಯಾಮೆರಾ. ನಕ್ಷತ್ರ ನೋಡುತ್ತಾ ಮೌಂಟ್‌ನ ತಪ್ಪು ತಿದ್ದುವ ಗೈಡಿಂಗ್ ಇಲ್ಲವೇ ಇಲ್ಲ. ಇಷ್ಟರಲ್ಲಿ ಆಗೋ ಕೆಲಸ ಅಲ್ಲ ಅಂತ ಹುಬ್ಬಳ್ಳಿಯ ಇಬ್ಬರು ಗೆಳೆಯರು ಖಡಾಖಂಡಿತ ಹೇಳಿದ್ದರು. ಈಗ ಅವರೇ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಜಾಗ ಹುಡುಕೋದು ಕಷ್ಟವಲ್ಲ. ನಮ್ಮ ರೈತರು ಮಳೆ ಲೆಕ್ಕಕ್ಕೆ ಹೇಳುವ ಮಘಿ, ಹುಬ್ಬಿ, ಉತ್ತರಿ ಮೂರೂ ಸಿಂಹ ರಾಶಿಯ ಕಡೆಯವೇ. ಹುಬ್ಬಿ ಅಂದರೆ ಜೋಸ್ಮಾ. ಅಲ್ಲಿಂದ ಪೂರ್ವಕ್ಕೆ ಐದೂವರೆ ಡಿಗ್ರಿ, ಉತ್ತರಕ್ಕೆ ಒಂದೂವರೆ ಡಿಗ್ರಿ ಸರಿದರೆ ಸಾಕು. ಒತ್ತಾದ ಗ್ಯಾಲಕ್ಸಿ ಗುಂಪುಗಳ ಹಿಕ್ಸನ್ ಪಟ್ಟಿಯಲ್ಲಿ ಇದು 57ನೇ ಗುಂಪು. ದೂರ 40 ಕೋಟಿ ಜ್ಯೋತಿರ್ವರ್ಷಕ್ಕೂ ಜಾಸ್ತಿ. ಇಡೀ ಗುಂಪು ಹುಣ್ಣಿಮೆ ಚಂದ್ರನ ಅಗಲದ ಐದನೇ ಒಂದು ಪಾಲಿನಲ್ಲಿ ಮುಗಿದುಹೋಗುತ್ತದೆ. ಖಗೋಳಜ್ಞ ರಾಲ್ಫ್ ಕೋಪ್‌ಲ್ಯಾಂಡ್ 1874ರಲ್ಲಿ ಇದನ್ನು ಕಣ್ಣಿಂದಲೇ ನೋಡಿ ಎಣಿಸಿದ್ದರು. ಆದರೆ ಅವರ ಕೈಯಲ್ಲಿದ್ದದ್ದು ಐರ್ಲೆಂಡಿನ ಬರ್ ಕ್ಯಾಸಲ್‌ನ 72 ಇಂಚಿನ ದೂರದರ್ಶಕ.

ಮೊದಲ ವರ್ಷ ಪೂರ್ತಿ ಸೋತೆ. ಡಂಬಳದ ಹತ್ತಿರ ಸೋದರಮಾವನ ಹೊಲವಿದೆ. ಕಡಲೆ ಕಿತ್ತ ಮೇಲೆ ಎರಿ ನೆಲ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಸಂಜೆ ಲೆವೆಲ್ ಮಾಡಿಟ್ಟ ಟ್ರೈಪಾಡ್ ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಕಾಲು ಅರ್ಧ ಬೆರಳು ಇಳಿದಿರುತ್ತಿತ್ತು. ಧ್ರುವ ನಕ್ಷತ್ರ ನಮ್ಮಲ್ಲಿ ಬರೀ 15 ಡಿಗ್ರಿ ಎತ್ತರ, ಅದೂ ಬೆಳೆ ರಾಶಿ ಮಾಡುವ ಕಾಲದ ಧೂಳಿನಲ್ಲಿ. ಮೌಂಟ್‌ನ ಅಕ್ಷವನ್ನು ಧ್ರುವದ ಕಡೆ ಹೊಂದಿಸುವ ಅಲೈನ್‌ಮೆಂಟ್ ಮೂರು ರಾತ್ರಿ ಮಾಡಿದ್ದೇ ಮಾಡಿದ್ದು. ಹೊಲ ಕಾಯುವ ಕಾಕಾ ಒಂದು ದಿನ ನೋಡಿ, "ಎರಿ ನೆಲಾ ತಮ್ಮಾ, ಹಿಂಗ ನಿಂದ್ರೂದಿಲ್ಲ. ಕೆಳಗ ಪರಸಿ ಹಾಕು" ಅಂದರು. ಮೂರು ಪರಸಿ ಕಲ್ಲಿನ (ಹಾಸುಗಲ್ಲಿನ) ತುಂಡು ಹೂತು ಹಾಕಿದೆ. ಆಮೇಲೆ ಕಾಲು ಅಲುಗಲಿಲ್ಲ.

ಆದರೂ ಚಿತ್ರ ಕೆಟ್ಟದ್ದಾಗಿಯೇ ಬಂತು. ಎರಡು ನಿಮಿಷದ ಎಕ್ಸ್‌ಪೋಷರ್‌ಗಳನ್ನು ಸ್ಟ್ಯಾಕ್ ಮಾಡಿ (ಒಂದರ ಮೇಲೊಂದು ಕೂಡಿಸಿ), ಏಳು ಮಸುಕು ಚುಕ್ಕೆ ಎಣಿಸಿ, ಸಿಕ್ಕವು ಅಂತ ಎಲ್ಲರಿಗೂ ಹೇಳಿಬಿಟ್ಟೆ. ಗೆಳೆಯನೊಬ್ಬ ಒಂದನ್ನು ತೋರಿಸಿ, ಇದು ನಕ್ಷತ್ರ ಅಂದ. ಅವನ ಮಾತು ಸರಿಯಾಗಿತ್ತು. ಏಳನೆಯದು ಎಲ್ಲಿ ಹೋಯಿತು? ನಾನು ಒಂದೇ ಅಂದುಕೊಂಡ ಉದ್ದನೆಯ ಮಚ್ಚೆಯೊಳಗೇ ಇತ್ತು. ಎನ್‌ಜಿಸಿ ಪಟ್ಟಿಯ 3753, 3754 ಎರಡೂ ಅಂಟಿಕೊಂಡಂತೆ ಇವೆ, ನಡುವೆ ಬರೀ 20 ಚಿಲ್ಲರೆ ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3,600 ಆರ್ಕ್‌ಸೆಕೆಂಡ್).

ದೋಷ ಮೌಂಟ್ ತಿರುಗಿಸುವ ಸ್ಕ್ರೂನಂಥ ವರ್ಮ್ ಗೇರ್‌ನದ್ದು. ಅದು ಒಂದು ಸುತ್ತು ಬರಲು ಸುಮಾರು 10 ನಿಮಿಷ. ಅಷ್ಟರಲ್ಲಿ ನಕ್ಷತ್ರ ಒಂದು ಕಡೆ ಸರಿಯುತ್ತದೆ, ನಿಲ್ಲುತ್ತದೆ, ವಾಪಸ್ ಬರುತ್ತದೆ. ನನ್ನದರಲ್ಲಿ ಈ ಓಲಾಟ ಹೆಚ್ಚುಕಮ್ಮಿ 40 ಆರ್ಕ್‌ಸೆಕೆಂಡ್. ಎರಡು ನಿಮಿಷ ಶಟರ್ ತೆರೆದಿಟ್ಟರೆ ಜೋಡಿ ಕಲಸಿಹೋಗದೆ ಇರುತ್ತದಾ? ಗೈಡಿಂಗ್‌ಗೆ ಅಂತ ವೆಬ್‌ಕ್ಯಾಮ್ ತಂದು 3,500 ರೂಪಾಯಿ ಕಳೆದೆ. ಅದಕ್ಕೆ ನಕ್ಷತ್ರವೇ ಕಾಣಲಿಲ್ಲ. ಒಳ್ಳೇ ಸೆಟ್ ಅಂದರೆ ಇನ್ನೂ 25 ಸಾವಿರ ಬೇಕಿತ್ತು. ಟ್ಯೂಬು, ಮೌಂಟು, ಕ್ಯಾಮೆರಾಗೆ ಆಗಲೇ 60 ಸಾವಿರದ ಹತ್ತಿರ ಹೋಗಿತ್ತು.

ಆಗ ಹೊಳೆಯಿತು. ನಕ್ಷತ್ರ ತಿರುಗಿ ಬರುವ ಮುಂಚೆ ನಿಲ್ಲುತ್ತದಲ್ಲ, ಆ ಹೊತ್ತಿನ ಫ್ರೇಮ್ ಮಾತ್ರ ಸಾಕಲ್ವಾ? ಐಎಸ್‌ಒ 1600ರಲ್ಲಿ 25 ಸೆಕೆಂಡಿನ ಫ್ರೇಮ್‌ಗಳನ್ನು ಒಂದೇ ಸಮನೆ ತೆಗೆದೆ. ಶಿವರಾತ್ರಿ ಅಮಾವಾಸ್ಯೆಗೆ ಎರಡು ರಾತ್ರಿ, ಯುಗಾದಿ ಅಮಾವಾಸ್ಯೆಗೆ ಎರಡು ರಾತ್ರಿ. ಒಟ್ಟು 1,500 ಫ್ರೇಮ್ ಇರಬಹುದು. ಪ್ರತಿ ಹತ್ತು ನಿಮಿಷಕ್ಕೆ ಎರಡು ಗೊಂಚಲು ಚೆನ್ನಾಗಿ ಬರುತ್ತಿದ್ದವು, ಉಳಿದವು ಕಸ. 650 ಇಟ್ಟುಕೊಂಡೆ, ಅಂದರೆ ನಾಲ್ಕೂವರೆ ತಾಸಿನ ಬೆಳಕು. ವರ್ಮ್‌ಗೆ ಯಾವ ಗ್ರೀಸ್ ಹಾಕಿದೆ, ಎಷ್ಟು ಬಿಗಿ ಮಾಡಿದೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ.

ನಡುವೆ ಕ್ಯಾಮೆರಾ ತಂಪು ಮಾಡಲು 250 ರೂಪಾಯಿಯ ಪೆಲ್ಟಿಯರ್ ಚಿಪ್ ಕೂಡಿಸಿ ನೋಡಿದೆ. ಅದು ಮಾವನ ಟ್ರ್ಯಾಕ್ಟರ್ ಬ್ಯಾಟರಿ ಖಾಲಿ ಮಾಡಿ, ಸೆನ್ಸರ್ ಮೇಲೆ ಹನಿ ಕೂಡಿಸಿತು. ಬೆಳಿಗ್ಗೆ ಟ್ರ್ಯಾಕ್ಟರ್ ನೂಕಿ ಚಾಲೂ ಮಾಡಬೇಕಾಯಿತು. ಯಾರೂ ಆ ದಾರಿ ಹಿಡಿಯಬೇಡಿ.

ಈ ಸಲ ಗುರುತಿಸುವಾಗ ಅವಸರ ಮಾಡಲಿಲ್ಲ. ಆಸ್ಟಾಪ್ ಸಾಫ್ಟ್‌ವೇರ್‌ನಲ್ಲಿ ಪ್ಲೇಟ್ ಸಾಲ್ವ್ ಮಾಡಿ (ಫೋಟೋ ಆಕಾಶದ ಯಾವ ಜಾಗದ್ದು ಅಂತ ಗುರುತಿಸಿ), ಅಲಾದಿನ್ ಅನ್ನೋ ಆಕಾಶ ನಕ್ಷೆಯ ಸಾಫ್ಟ್‌ವೇರ್‌ನ ಹಳೇ ಸರ್ವೇ ಚಿತ್ರದ ಪಕ್ಕ ಇಟ್ಟು ಒಂದೊಂದನ್ನೇ ಹೊಂದಿಸಿದೆ. ಪ್ರತಿ ಚುಕ್ಕೆಯ ಅಗಲ ಅಳೆದೆ. ನಕ್ಷತ್ರ ನಾಲ್ಕು ಪಿಕ್ಸೆಲ್ ಇದ್ದರೆ ಗ್ಯಾಲಕ್ಸಿ ಎಂಟು-ಒಂಬತ್ತು. ವಾಯವ್ಯಕ್ಕೆ 3745, 3746, 3748. ನಡುವೆ ಒತ್ತಾಗಿ 3750, 3753, 3754. ದಕ್ಷಿಣಕ್ಕೆ 3751 ಒಂಟಿ. 3753 ಮತ್ತು 3754ರ ನಡುವೆ ಸಣ್ಣ ಕಪ್ಪು ಗೆರೆ ಕಂಡಾಗ ರಾತ್ರಿ ಎರಡು ಗಂಟೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

ಹಿಕ್ಸನ್ ಈ ಗುಂಪಿಗೆ ಎಂಟನೆಯದನ್ನೂ ಸೇರಿಸಿದ್ದಾರೆ. ಆ ಜಾಗದಲ್ಲಿ ನನಗೆ ನಾಲ್ಕೈದು ಪಿಕ್ಸೆಲ್ ಮಾತ್ರ ಸ್ವಲ್ಪ ಬೆಳ್ಳಗೆ ಕಾಣುತ್ತಿವೆ. ಅದನ್ನು ಗ್ಯಾಲಕ್ಸಿ ಅಂತ ನಾನು ಇನ್ನೂ ಕರೆಯುವುದಿಲ್ಲ. ಬರುವ ಶಿವರಾತ್ರಿಗೆ ಇನ್ನೊಂದು ಸಾವಿರ ಫ್ರೇಮ್ ತೆಗೆಯುತ್ತೇನೆ. ಪರಸಿ ಕಲ್ಲು ಹೊಲದಲ್ಲೇ ಬಿಟ್ಟು ಬಂದಿದ್ದೇನೆ.