ಕಾವು ಹಿಡಿದು ನೋಡಿ, ಆಮೇಲೆ ದುಡ್ಡು ಕೊಡಿ

ಮೊದಲ ಮಳೆ ಒಂದೆರಡು ಬಿದ್ದರೆ ಸಾಕು, ಚಿಕ್ಕಮಗಳೂರಿನ ಮನೆ ಮನೆಯಲ್ಲೂ ಡೇರೆ ಹೂವಿನ ಗೆಡ್ಡೆ ನೆಡುವ ಗಡಿಬಿಡಿ. ಹೋದ ವರ್ಷ ನಾನೂ ಫೋನಿನಲ್ಲೇ ಐದು ಸಲಕರಣೆಗಳ ಒಂದು ಸೆಟ್ ತರಿಸಿದ್ದೆ. ಮೂರನೇ ಗುಂಡಿ ತೋಡುವಾಗಲೇ ಕೈ ಸಲಿಕೆಯ ಕುತ್ತಿಗೆ ಬಾಗಿತು. ತಿರುಗಿಸಿ ನೋಡಿದರೆ ತೆಳ್ಳನೆ ಪೈಪನ್ನು ಚಪ್ಪಟೆ ಮಾಡಿ, ಎರಡು ಚುಕ್ಕಿ ವೆಲ್ಡಿಂಗ್ ಹಾಕಿ, ಮೇಲೆ ಹಸಿರು ಬಣ್ಣ ಬಳಿದಿದ್ದರು. ಬಣ್ಣ ಎದ್ದ ಕಡೆ ಆಗಲೇ ತುಕ್ಕು. ಬೇಜಾರಾಯಿತು. ಅವತ್ತಿನಿಂದ ಯಾವ ಸಲಕರಣೆ ಕೊಂಡರೂ ಮೊದಲು ನೋಡುವುದು ಕಾವು, ಅಂದರೆ ಹಿಡಿ, ಮತ್ತು ಕಬ್ಬಿಣ ಸೇರುವ ಜಾಗವನ್ನೇ.

ಸೆಟ್ ಬೇಡ. ಒಂದೊಂದೇ ಕೊಳ್ಳಿ. ಮನೆ ಅಂಗಳಕ್ಕೆ ಕೈ ಸಲಿಕೆ, ಕಳೆ ಕೀಳಲು ಕುರ್ಚಿಗೆ, ಗಿಡದ ಕತ್ತರಿ, ಸಣ್ಣ ಗುದ್ದಲಿ, ನೀರಿನ ಕ್ಯಾನ್ ಇದ್ದರೆ ಧಾರಾಳ. ತಾರಸಿಯಲ್ಲಿ ಬರೀ ಕುಂಡಗಳಾದರೆ ಗುದ್ದಲಿಯೂ ಬೇಡ.

ಕೈ ಸಲಿಕೆಯಲ್ಲಿ ಅಲಗು ಮತ್ತು ಕುತ್ತಿಗೆ ಒಂದೇ ತುಂಡಾಗಿರಲಿ. ಅಂಗಡಿಯಲ್ಲೇ ತುದಿಯನ್ನು ನೆಲಕ್ಕೆ ಊರಿ ಸ್ವಲ್ಪ ಒತ್ತಿ ನೋಡಿ. ಬಳುಕಿದರೆ ವಾಪಸ್ ಇಟ್ಟುಬಿಡಿ. ಬೇಸಿಗೆಯಲ್ಲಿ ಗಟ್ಟಿಯಾದ ನಮ್ಮ ಕೆಂಪು ಮಣ್ಣಿಗೆ ಅದು ತಡೆಯುವುದಿಲ್ಲ. ಸಲಿಕೆ ಸ್ಟೇನ್‌ಲೆಸ್ ಸ್ಟೀಲಿನದಾದರೆ ಒಳ್ಳೆಯದು, ಮಳೆಗಾಲದಲ್ಲಿ ತುಕ್ಕಿನ ಕಾಟ ಕಡಿಮೆ.

ಗುದ್ದಲಿಗೆ ಕಾವೇ ಜೀವ. ಮರದ ಗೆರೆಗಳು ಉದ್ದಕ್ಕೆ, ನೇರವಾಗಿ ಓಡಿರಬೇಕು. ಅಡ್ಡ ಹೋದ ಕಡೆ ಇವತ್ತಲ್ಲ ನಾಳೆ ಸೀಳುತ್ತದೆ. ದಪ್ಪ ಬಣ್ಣ ಬಳಿದ ಕಾವು ಬೇಡ, ಗಂಟು, ಬಿರುಕು ಎಲ್ಲ ಅದರಡಿ ಮುಚ್ಚಿ ಹೋಗಿರುತ್ತವೆ. ಕಾವು ಸಡಿಲವಾದರೆ ನೀರಲ್ಲಿ ನೆನೆಹಾಕುವ ರೂಢಿ ನಮ್ಮಲ್ಲಿದೆ ಅಲ್ವಾ? ಅದು ಆ ಹೊತ್ತಿಗೆ ಮಾತ್ರ. ಉಬ್ಬಿದ ಮರ ಕಬ್ಬಿಣದ ಕಣ್ಣಿಗೆ ಒತ್ತಿ ನಲುಗುತ್ತದೆ, ಒಣಗಿದ ಮೇಲೆ ಇನ್ನೂ ಜಾಸ್ತಿ ಸಡಿಲವಾಗುತ್ತದೆ. ಒಂದು ಬೆಣೆ ಹೊಡೆಸಿ, ಗಟ್ಟಿಯಾಗುತ್ತದೆ. ಹತ್ತಿರದಲ್ಲಿ ಕುಲುಮೆ ಇದ್ದರೆ ಕುರ್ಚಿಗೆಯನ್ನು ಅಲ್ಲೇ ಮಾಡಿಸಿ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಬಡಿದದ್ದು ಬೇಗ ಮೊಂಡಾಗುವುದಿಲ್ಲ. ನಿಮ್ಮ ಕೈ ಅಳತೆಗೇ ಹಿಡಿ ಹಾಕಿಸಬಹುದು, ಅದು ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ.

ದುಡ್ಡು ಸ್ವಲ್ಪ ಜಾಸ್ತಿ ಹಾಕುವುದಾದರೆ ಗಿಡದ ಕತ್ತರಿಗೆ ಹಾಕಿ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಅಲಗು ಇನ್ನೊಂದರ ಪಕ್ಕದಲ್ಲೇ ಜಾರಿ ಹೋಗುತ್ತದೆ, ಮಾಮೂಲಿ ಕತ್ತರಿಯ ಹಾಗೆ. ಇನ್ನೊಂದರಲ್ಲಿ ಅಲಗು ಚಪ್ಪಟೆ ಪಟ್ಟಿಯ ಮೇಲೆ ಕೂರುತ್ತದೆ. ಹಸಿ ಕೊಂಬೆಗೆ ಮೊದಲನೆಯದೇ ಸರಿ. ಎರಡನೆಯದು ಹಸಿ ತೊಗಟೆಯನ್ನು ಜಜ್ಜುತ್ತದೆ, ಒಣ ಕಡ್ಡಿಗೆ ಮಾತ್ರ ಇರಲಿ. ಕತ್ತರಿ ಮುಚ್ಚಿ ಬೆಳಕಿಗೆ ಹಿಡಿಯಿರಿ, ಅಲಗುಗಳ ನಡುವೆ ಸಂದು ಕಾಣಬಾರದು. ಒಂದು ತೆಳು ಕಾಗದ ಕತ್ತರಿಸಿ ನೋಡಿ. ಹರಿದ ಹಾಗೆ ಕತ್ತರಿಸಿದರೆ ಗುಲಾಬಿ ಕಡ್ಡಿಯನ್ನೂ ಹಾಗೇ ಮಾಡುತ್ತದೆ. ನಡುವೆ ಬಿಚ್ಚಲು ಬರುವ ನಟ್ಟು ಇರಲಿ, ರಿವೆಟ್ ಹೊಡೆದದ್ದು ಬೇಡ, ಸಾಣೆ ಹಿಡಿಯಲು ಕಷ್ಟ. ಸ್ಪ್ರಿಂಗ್ ಬೇರೆ ಸಿಗುತ್ತದಾ ಎಂದು ಅಲ್ಲೇ ಕೇಳಿ. ಗುರುತಿನವರು ಯಾರಾದರೂ ಕಾಫಿ ತೋಟದಲ್ಲಿ ಕಸಿ ಕೆಲಸ, ಅಂದರೆ ಗಿಡದ ರೆಂಬೆ ಸವರುವ ಕೆಲಸ ಮಾಡುತ್ತಿದ್ದರೆ ಅವರ ಕತ್ತರಿಯನ್ನು ಒಮ್ಮೆ ಹಿಡಿದು ನೋಡಿ. ದಿನವಿಡೀ ಕೈಯಲ್ಲಿರುವ ಕತ್ತರಿ ಹೇಗಿರಬೇಕು ಅಂತ ಆಗ ತಿಳಿಯುತ್ತದೆ.

ನೀರಿನ ಕ್ಯಾನ್ 5 ಲೀಟರಿನದು ಸಾಕು. 10 ಲೀಟರ್ ಅಂದರೆ ನೀರೇ 10 ಕೆಜಿ, ಮೆಟ್ಟಿಲು ಹತ್ತುವಾಗ ಸೊಂಟಕ್ಕೆ ಕಷ್ಟ. ಜರಡಿ ಮೂತಿ ಬಿಚ್ಚಿ ತೊಳೆಯಲು ಬರುವಂತಿರಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಕಬ್ಬಿಣ ಒಣಗುವುದೇ ಕಷ್ಟ. ಕೆಲಸ ಮುಗಿದ ಕೂಡಲೇ ಮಣ್ಣು ತೊಳೆದು, ಬಟ್ಟೆಯಲ್ಲಿ ಒರೆಸಿ, ಅಲಗಿಗೆ ಒಂದು ಹನಿ ಎಣ್ಣೆ ಸವರಿ ಮೊಳೆಗೆ ನೇತುಹಾಕಿ. ಸುಮ್ನೆ ಸಿಮೆಂಟ್ ನೆಲದ ಮೇಲೆ ಒರಗಿಸಬೇಡಿ, ಥಂಡಿ ಹಿಡಿಯುತ್ತದೆ. ರೋಗ ಬಂದ ಗುಲಾಬಿ ಕತ್ತರಿಸಿದ ಮೇಲೆ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸದೆ ಮುಂದಿನ ಗಿಡ ಮುಟ್ಟಬೇಡಿ. ಅಂಗಳದಲ್ಲಿ ಮೆಣಸಿನ ಬಳ್ಳಿ ಇದ್ದರೆ ಗುದ್ದಲಿಯನ್ನೂ ಮಣ್ಣಿನ ಕಣ ಉಳಿಯದ ಹಾಗೆ ತೊಳೆಯಿರಿ. ಸೊರಗು ರೋಗ ಮಣ್ಣಿನ ಜೊತೆಗೇ ಒಂದು ಬುಡದಿಂದ ಇನ್ನೊಂದು ಬುಡಕ್ಕೆ ಹೋಗುತ್ತದೆ.